ಬಂದೋನು

ಭಾಷಾಂತರ ಒಂದು ಪದದ ಹತ್ತಿರ ನಿಂತು ನಾಲ್ಕು ದಿನವಾಯಿತು.
ಚಳ್ಳಕೆರೆಯ ಮಹಡಿ ಕೋಣೆ, ಕೆಳಗೆ ಎಣ್ಣೆ ಮಿಲ್ಲಿನ ಸದ್ದು,
ಮೇಜಿನ ಮೇಲೆ ಜಪಾನಿನ ಕತೆ,
ಇಂಗ್ಲಿಷಿನ ದಾರಿ ಹಿಡಿದು ನನ್ನ ತನಕ ಬಂದದ್ದು.

ಕತೆಯಲ್ಲಿ ಯುದ್ಧ ಮುಗಿದಿದೆ. ಸೋತ ದೇಶದ ರೈಲು
ಕಿಟಕಿಗೆ ಗಾಜಿಲ್ಲದೆ ಓಡುತ್ತಿದೆ.
ಒಬ್ಬ ಇಳಿಯುತ್ತಾನೆ: ಬಿಲ್ಲೆ ಕಿತ್ತ ಖಾಕಿ,
ಒಂದೊಂದು ಕಾಲಿಗೆ ಒಂದೊಂದು ಜಾತಿಯ ಬೂಟು.
ಮನೆಯಲ್ಲಿ ಅವನ ಫೋಟೋದ ಮುಂದೆ ಅನ್ನ ಇಟ್ಟಿದ್ದಾರೆ.
ಸರ್ಕಾರ ಕಳಿಸಿದ ಬಿಳಿ ಪೆಟ್ಟಿಗೆಯಲ್ಲಿ
ಮೂಳೆಯ ಬದಲು ಒಂದು ಬೆಣಚುಕಲ್ಲು.
ಹೆಂಡತಿ ಈಗ ತಮ್ಮನ ಹೆಂಡತಿ.
ಅವನು ಕೂತು ಆ ಅನ್ನ ತಿನ್ನುತ್ತಾನೆ.
ಕತೆಗಾರ ಅಲ್ಲಿಗೆ ಪ್ಯಾರಾ ಮುಗಿಸಿದ್ದಾನೆ.

ಇವನನ್ನು ಏನೆಂದು ಕರೆಯಲಿ?
ಮಾಜಿ ಸೈನಿಕ ಅಂತ ಬರೆದೆ. ಬ್ಯಾಂಕಿನ ಬಾಗಿಲಲ್ಲಿ
ಬಂದೂಕು ಹಿಡಿದು ಕೂತವನು ಎದ್ದು ನಿಂತ.
ನಿವೃತ್ತ ಯೋಧ ಅಂದರೆ ಶಾಲು, ಹಾರ, ಮೈಕು.
ಸೇನೆಯಿಂದ ಬಿಡುಗಡೆಯಾದವನು ಅಂದರೆ ಜೈಲಿನಿಂದ ಬಂದ ಹಾಗೆ.
ಅಷ್ಟೇನೂ ತಪ್ಪಲ್ಲ, ಆದರೆ ಉದ್ದ.

ನಮ್ಮ ಈರಬಡಜ್ಜಿಗೂ ಹೀಗೊಬ್ಬ ಇದ್ದ.
ಮೈಲಾರಪ್ಪ, ಮೊದಲ ಗಂಡ, ಬರ್ಮಾಕ್ಕೆ ಹೋದವನು.
ಕಾಣೆಯಾಗಿದ್ದಾನೆ ಎಂದು ತಂತಿ ಬಂತು;
ಓದಿದವನು ಪೋಸ್ಟ್ ಮಾಸ್ತರ, ಅರ್ಥ ಹೇಳಿದ್ದು ಊರು.
ಬಳೆ ಒಡೆದರು. ಹೂಳಲು ಹೆಣವಿಲ್ಲ,
ಅವನು ಹೊದೆಯುತ್ತಿದ್ದ ಕರಿ ಕಂಬಳಿ ಗುಂಡಿಗೆ ಇಳಿಸಿ ಮಣ್ಣು ಹಾಕಿದರು.
ಮೂರು ವರ್ಷ ಉಣ್ಣೆ ನೂತಳು.
ಆಮೇಲೆ ಪಕ್ಕದ ಮಗ್ಗದ ಬೊಮ್ಮಲಿಂಗನ ಜೊತೆ ಉಡಿಕೆಯಾಯಿತು.

ಸಂಕ್ರಾಂತಿ ಕಳೆದಿತ್ತಂತೆ.
ದುರ್ಗದ ಸ್ಟೇಷನ್ನಿಂದ ನಡೆದೇ ಬಂದ.
ಮೈಲಾರಪ್ಪ ಗೆದ್ದ ಸೈನ್ಯದವನು,
ಗೆದ್ದದ್ದು ಯಾರೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.
ಈ ಕತೆಯವನೂ ಅವನೂ
ಯಾವುದೋ ಬಿದಿರುಮೆಳೆಯಲ್ಲಿ
ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡಿದ್ದರೋ ಏನೋ.

ಅಂಗಳದಲ್ಲಿ ನಿಂತ. ತೊಟ್ಟಿಲು ನೋಡಿದ. ಅದರಲ್ಲಿ ನನ್ನ ಅಪ್ಪ.
ಅವಳ ಕೈಯ ಹೊಸ ಬಳೆ ನೋಡಿದ.
ಕೇಳಿದ್ದು ಒಂದೇ:
‘ನನ್ ಕಂಬ್ಳಿ ಎಲ್ಲೈತೆ? ಚಳಿ ಆಗ್ತೈತೆ.’

ಅಜ್ಜಿ ಈ ಜಾಗಕ್ಕೆ ಬಂದಾಗಲೆಲ್ಲ ಕದಿರು ನಿಲ್ಲಿಸುತ್ತಿದ್ದಳು.
ಅವಳ ಬಾಯಿಂದ ಮಾತು ಬರಲಿಲ್ಲವಂತೆ.
ಬೊಮ್ಮಲಿಂಗಜ್ಜ ಮಗ್ಗದ ಗುಂಡಿಯಿಂದ ಎದ್ದು
ಅರ್ಧ ನೇಯ್ದದ್ದನ್ನು ಹಾಗೇ ಕತ್ತರಿಸಿ,
ಹುಣಸೆಬೀಜದ ಗಂಜಿ ಇನ್ನೂ ಆರದ್ದು,
ಅವನ ಹೆಗಲಿಗೆ ಹಾಕಿದ.
ತಲೆಗೆಳೆದರೆ ಕಾಲಿಲ್ಲ, ಕಾಲಿಗೆಳೆದರೆ ತಲೆಯಿಲ್ಲ.
ಮಗ್ಗದ ಕೊಟ್ಟಿಗೆಯಲ್ಲಿ ಅದನ್ನೇ ಹೊದ್ದು
ಇಪ್ಪತ್ತೆರಡು ವರ್ಷ ಬದುಕಿದ.
ಹಾಸಿಗೆ ಗಂಜಿ ಸವರುವ ಕೆಲಸ ಅವನದು;
ಯಾರ ಮದುವೆಗೂ ಹೋಗಲಿಲ್ಲ, ಪಟಾಕಿ ಹೊಡೆದ ದಿನ ಉಣ್ಣಲಿಲ್ಲ.

ಸತ್ತಾಗ ಅವನ ಗುಂಡಿ ಮೊದಲೇ ಇತ್ತಲ್ಲ,
ಅದನ್ನೇ ತೆಗೆದರು.
ಕಂಬಳಿ ಮಣ್ಣಾಗಿತ್ತು,
ಅಂಚಿನ ಕೆಂಪು ಎಳೆ ಮಾತ್ರ, ಒಂದು ಗೇಣು, ಉಳಿದಿತ್ತು.

ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ.
ಸತ್ತವನ ಹೆಸರು ಬದುಕಿದ್ದವನಿಗೆ ಹೇಗೆ ಕೂಗುವುದು?
‘ಬಂದೋನಿಗೆ ಮುದ್ದೆ ಇಕ್ಕು.’
‘ಬಂದೋನು ಮಲಗವ್ನೆ, ಗಲಾಟೆ ಮಾಡಬ್ಯಾಡ್ರಿ.’
ನಮ್ಮಪ್ಪನಿಗೆ ಅವನು ಬಂದೋನಜ್ಜ.

ಹಾಳೆಯಲ್ಲಿ ಮೂರೂ ಪದ ಹೊಡೆದು ಹಾಕಿ
ಬಂದೋನು ಅಂತ ಬರೆದೆ.
ರೈಲಿನಿಂದ ಬಂದೋನು ಇಳಿದ. ಬಂದೋನು ಅನ್ನ ತಿಂದ.

ಸಂಪಾದಕರು ಕೇಳಿಯೇ ಕೇಳುತ್ತಾರೆ, ಎಲ್ಲಿಂದ ಬಂದೋನು ಅಂತ.
ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ.