ದೊಡ್ಡಪ್ಪನ ಮಗಳು

ಶಿಡ್ಲಘಟ್ಟದಲ್ಲಿ ಒಂಟಿಯಾಗಿ ಬಂದವರಿಗೆ ಮನೆ ಸಿಗುವುದಿಲ್ಲ.
‘ಸಂಸಾರಸ್ಥರಿಗೆ ಮಾತ್ರ’ ಎಂಬ ಹಲಗೆಯ ಕೆಳಗೆ
ಚೀಲ ಹಿಡಿದು ನಿಂತಿದ್ದೆವು, ಪರಿಚಯವಿಲ್ಲದ ಇಬ್ಬರು,
ನಾನು ಸರ್ವೆಯವಳು, ಅವನು ಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವವನು.
ಪಿಳ್ಳಕ್ಕ ಬಾಗಿಲು ತೆರೆದು, “ಇವಳು ನಿನಗೇನಾಗಬೇಕು?” ಅಂದಳು.
ಚಲಪತಿ ಉಗುಳು ನುಂಗಿದ:
“ದೊಡ್ಡಪ್ಪನ ಮಗಳು.”

ನಡುಮನೆ ಅವನಿಗೆ, ಕೋಣೆ ನನಗೆ, ನಲ್ಲಿ ದಿನ ಬಿಟ್ಟು ದಿನ.
ಹೊಸ್ತಿಲಿಗೆ ಸೀಮೆಸುಣ್ಣದ ಗೆರೆ ಎಳೆದು
ಒಂದು ಇಟ್ಟಿಗೆಯನ್ನೂ ಇಟ್ಟೆ, ಬಾಂದುಕಲ್ಲು.
“ಒತ್ತುವರಿಯಾದರೆ ನೋಟೀಸು ಕೊಡುತ್ತೇನೆ” ಅಂದೆ.
ಅವನು ಮುದ್ದೆ ತೊಳಸಿದರೆ ಗಂಟು,
ನಾನು ಸಾರು ಮಾಡಿದರೆ ಬರೀ ನೀರು;
ಆ ಗಂಟು ಈ ನೀರಿಗೆ ಹೇಗೋ ಹೊಂದಿಕೊಂಡಿತು.
ಅವನ ಅಂಗಿಗೆ ಹಸಿ ಗೂಡಿನ ವಾಸನೆ.
ಮೊದಲ ತಿಂಗಳು ಮೂಗು ಮುಚ್ಚಿಕೊಂಡೆ.
ಮೂರನೇ ತಿಂಗಳು ಅವನು ಊರಿಗೆ ಹೋದ ಭಾನುವಾರ
ಆ ವಾಸನೆ ಇಲ್ಲದೆ ನಿದ್ದೆ ಹತ್ತಲಿಲ್ಲ.

ಇಟ್ಟಿಗೆ ಯಾವಾಗ ಸರಿಯಿತೋ, ಯಾರೂ ಅಳೆಯಲಿಲ್ಲ.
ಹುಳ ಜ್ವರಕ್ಕೆ ಕೂತಿತು ಅಂತಾರಲ್ಲ,
ತಲೆ ಎತ್ತಿಕೊಂಡು, ಹಾಕಿದ ಸೊಪ್ಪು ಮುಟ್ಟದೆ,
ಹಾಗೆ ಕೂತಿದ್ದೆ ಒಂದು ರಾತ್ರಿ ತಟ್ಟೆಯ ಮುಂದೆ.
“ಏನಾಯ್ತು?” ಅಂದ.
“ದೊಡ್ಡಪ್ಪ ನೆನಪಾದರು” ಅಂದೆ.
ಇಬ್ಬರಿಗೂ ಇಲ್ಲದ ಆ ದೊಡ್ಡಪ್ಪನಿಗಾಗಿ
ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.
ನಗು ನಿಂತ ಮೇಲೂ ನೋಡುವುದು ನಿಲ್ಲಲಿಲ್ಲ.

ಅಯ್ಯೋ ಚಲಪತಿ, ಸೋದರತ್ತೆ ಮಗಳು ಅನ್ನಬಾರದಿತ್ತೇ?
“ಅಂದಿದ್ದರೆ ಮನೆ ಕೊಡುತ್ತಿದ್ದಳೇ?”
ಅದೂ ನಿಜವೇ.

ಅಷ್ಟರಲ್ಲಿ ಪಿಳ್ಳಕ್ಕ ನನಗೊಂದು ಗಂಡು ತಂದಳು,
ಚಿಂತಾಮಣಿ ಕಡೆಯವನು, ಎರಡು ಬೋರ್‌ವೆಲ್ಲು, ನೀರಿರುವವು.
ಅಣ್ಣನಾದವನು ಒಪ್ಪಬೇಕಂತೆ.
ಅಣ್ಣನಾದವನ ಕೈಯಿಂದ ಕಾಫಿ ಲೋಟ ಜಾರಿತು.
“ಹುಡುಗ ಕುಳ್ಳ” ಅಂದ, ಫೋಟೋ ಮಗುಚಿಯೇ ಇತ್ತು.

ಪಿಳ್ಳಕ್ಕ ಎಲೆಗೆ ಸುಣ್ಣ ಸವರುತ್ತಾ
ಬಹಳ ಹೊತ್ತು ಸುಮ್ಮನಿದ್ದಳು.
“ನನಗೂ ವಯಸ್ಸಾಯ್ತು ಕಣಪ್ಪಾ, ಎಡಗಿವಿ ಅಷ್ಟಕ್ಕಷ್ಟೆ.
ಅವತ್ತು ಬಾಗಿಲಲ್ಲಿ ಏನಂದೆ ನೀನು?
ಸೋದರತ್ತೆ ಮಗಳು ಅಂದೆ, ಅಲ್ವಾ?”

ಚಲಪತಿ ನನ್ನ ಕಡೆ ನೋಡಿದ.
ನಾನು ಇಟ್ಟಿಗೆಯ ಕಡೆ ನೋಡಿದೆ.
“ಹ್ಞೂಂ ಅಜ್ಜಿ” ಅಂದೆವು, ಒಟ್ಟಿಗೇ.

“ಹಂಗಾದ್ರೆ ತಾಳಿ ಆಗೋವರೆಗೂ ಇವಳು ನನ್ನ ಮನೇಲಿ ಮಲಗಲಿ.
ಆಮೇಲೆ ಬಾಡಿಗೆ ಇನ್ನೂರು ಜಾಸ್ತಿ.
ಮತ್ತೆ ಆ ಇಟ್ಟಿಗೆ ನಂದು,
ಎಲ್ಲಿಂದ ತಂದ್ರೋ ಅಲ್ಲೇ ಇಡಿ.”