ಎಪ್ಪತ್ತೈದು ಚದರಡಿ

ಮೊದಲ ವಾರವೇ ನನಗೆ ಗಿಳಿಪಾಠ ಮಾಡಿಸಿದ್ದರು:
ಹತ್ತು ಚದರಡಿ ಅಂದರೆ ಹಳೆಯ ಟೆಲಿಫೋನ್ ಬೂತು,
ಇಪ್ಪತ್ತೈದಂದರೆ ತೋಟದ ಶೆಡ್ಡು,
ಐವತ್ತಂದರೆ ಒಂದು ವ್ಯಾನು, ಸೂರಿನವರೆಗೆ ತುಂಬಿದ್ದು.
ಗಿರಾಕಿ ತಡವರಿಸಿದರೆ ನಗು,
ಒಂದು ಸೈಜು ದೊಡ್ಡದನ್ನು ತೋರಿಸು.

ಡಿಲಿಸ್ ಬಂದದ್ದು ನವೆಂಬರಿನ ಒಂದು ಮಂಗಳವಾರ,
ಸ್ವಾನ್ಸಿಯ ಹಡಗುಕಟ್ಟೆಯ ಕಡೆಯ ಗಾಳಿ
ನಮ್ಮ ತಗಡಿನ ಗೋಡೆಗಳನ್ನು ಬಡಿಯುತ್ತಿದ್ದಾಗ.
ಎಪ್ಪತ್ತು ದಾಟಿದ ಹೆಂಗಸು. ಗಂಡಸರ ರೇನ್‌ಕೋಟು.
ಬಿಯರ್ ಗ್ಲಾಸಿನಡಿಗೆ ಇಡುವ ರಟ್ಟಿನ ಹಿಂಬದಿಗೆ
ಪೆನ್ಸಿಲಿನಲ್ಲಿ ಬರೆದ ಪಟ್ಟಿ:
ಬೆಂಚು ಎರಡು, ಸ್ಟೂಲು ಒಂಬತ್ತು,
ಡಾರ್ಟ್ ಬೋರ್ಡು, ಅದರ ಹಿಂದಿನ ತೂತುತೂತು ಹಲಗೆ ಸಹಿತ,
ಹಿತ್ತಾಳೆ ಗಂಟೆ,
ಮೂರು ಸಾಲ್ಮನ್ ಬರೆದ ಬಾಗಿಲ ಫಲಕ
(ಮೂರನೆಯದಕ್ಕೆ ಬಾಲ ಉಳಿದಿಲ್ಲ),
ಕೌಂಟರು.
"ಎಷ್ಟುದ್ದ?"
"ಒಂಬತ್ತಡಿ. ಕೊಯ್ಯೋ ಮಾತಾಡಬೇಡ."

ಪಬ್ಬನ್ನು ಕೊಂಡವರು ಅದನ್ನು ಆರು ಮನೆ ಮಾಡುತ್ತಾರಂತೆ.
ಆರು ಬಾಗಿಲು. ಒಂದರಲ್ಲೂ
ತಟ್ಟದೆ ಒಳಗೆ ಹೋಗುವ ಹಾಗಿಲ್ಲ.

"ಎಷ್ಟು ತಿಂಗಳಿಗೆ?" ಫಾರಮ್ಮಿನ ಮೂರನೇ ಪ್ರಶ್ನೆ.
"ಇನ್ನೊಂದು ಜಾಗ ಸಿಗೋವರೆಗೆ."
ಅದಕ್ಕೆ ಖಾನೆ ಇಲ್ಲ. ಹನ್ನೆರಡು ಎಂದು ಬರೆದೆ.

ನನ್ನ ಲೆಕ್ಕಕ್ಕೆ ಐವತ್ತು ಧಾರಾಳ ಸಾಕು.
ಸ್ಟೂಲಿನ ಮೇಲೆ ಸ್ಟೂಲು ಬೋರಲು,
ಬೆಂಚುಗಳನ್ನು ಗೋಡೆಗೆ ನಿಲ್ಲಿಸಿದರಾಯಿತು.
"ನಿಲ್ಲಿಸಿದ ಬೆಂಚಿನ ಮೇಲೆ ಯಾರು ಕೂತಾರು?"
ಎಂದಳು. ನಾಳೆ ಬರುತ್ತೇನೆಂದು ಹೋದಳು.

ಅಳೆದು ಸುರಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ.
ವಿಚ್ಛೇದನದ ಮರುದಿನ ಸೋಫಾ ಸಮೇತ ಬಂದವನು,
ಕ್ರಿಸ್ಮಸ್ ಮರಗಳನ್ನಷ್ಟೇ ಇಡಲು ಬಂದ ಪಾದ್ರಿ.
ಮನುಷ್ಯರನ್ನು ಹಾಕಿ ಅಳೆದವಳು ಇವಳೊಬ್ಬಳೇ.

ಮರುದಿನ ಅವಳ ಹಿಂದೆ ನಾಲ್ವರು,
ಒದ್ದೆ ಟೋಪಿಗಳನ್ನು ಕೈಯಲ್ಲಿ ಹಿಂಡುತ್ತ.
ಐವತ್ತರ ಖಾಲಿ ಕೋಣೆಯಲ್ಲಿ
ಬೂಟಿನ ತುದಿಯಿಂದ ಕೌಂಟರಿನ ಗೆರೆ ಎಳೆದಳು.
ಹೇಳಬೇಕಾಗಲಿಲ್ಲ. ಹೆಫಿನ್ ಹೋಗಿ ಮೂಲೆಯಲ್ಲಿ ನಿಂತ,
ಬಾಣ ಎಸೆಯುವವರ ಮೊಣಕೈ ತಾಗದ ಹಾಗೆ.
ಎಮ್ರಿಸ್ ಇಲ್ಲದ ರೇಡಿಯೇಟರಿಗೆ ಬೆನ್ನು ಕೊಟ್ಟ.
ಮೂರನೆಯವನ ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ,
ಗಾಳಿಯ ಮೇಲೆ ಮೊಣಕೈಯೂರಿ ನಿಂತ.
ಗ್ವಿಲಿಮ್ ಮಾತ್ರ ಹೊಸ್ತಿಲಿನಾಚೆ, ಕಾರಿಡಾರಿನಲ್ಲಿ.

"ಕಾರಿಡಾರು ಬಾಡಿಗೆಗಿಲ್ಲ," ನಾನೆಂದೆ,
"ಅಲ್ಲಿ ಇಬ್ಬರ ನಡುವೆ ಜಾಗ ಇದೆಯಲ್ಲ, ಒಳಗೆ ಬನ್ನಿ."

ಯಾರೂ ಅಲುಗಲಿಲ್ಲ.
ಗ್ವಿಲಿಮ್ ಆ ಜಾಗವನ್ನು ನೋಡಿದ,
ಡಿಲಿಸ್ ತನ್ನ ರಟ್ಟನ್ನು ನೋಡಿದಳು.
"ಅದು ಇಡ್ವಾಲಂದು," ಎಮ್ರಿಸ್ ಹೇಳಿದ. "ಮಾರ್ಚಿನಲ್ಲಿ."
ಅಷ್ಟೇ ಹೇಳಿದ್ದು.

ನಮ್ಮಲ್ಲಿ ದೀಪಗಳು ಅಲುಗಾಟ ಕಂಡರೆ ಉರಿಯುತ್ತವೆ,
ಎಲ್ಲರೂ ಸುಮ್ಮನಿದ್ದರೆ ಆರುತ್ತವೆ, ಕರೆಂಟು ಉಳಿತಾಯಕ್ಕೆ.
ಆರಿದವು.
ಕತ್ತಲಲ್ಲಿ ಉಸಿರು, ಒದ್ದೆ ಉಣ್ಣೆಯ ವಾಸನೆ,
ಎಷ್ಟು ಜನರ ಉಸಿರೆಂದು ಎಣಿಸಲು ನಾನು ಹೋಗಲಿಲ್ಲ.
ಆಮೇಲೆ ಹೆಫಿನ್ ಕೈಯೆತ್ತಿದ,
ಇನ್ನೊಂದು ಸುತ್ತು ತಾ ಎನ್ನುವವನ ಹಾಗೆ.
ದೀಪ ಬಂತು.

"ಎಪ್ಪತ್ತೈದು ತೋರಿಸು," ಡಿಲಿಸ್ ಎಂದಳು.

ನೆಲಮಹಡಿ, ನಂಬರು ನೂರಾ ಹದಿನೆಂಟು.
ಗ್ವಿಲಿಮ್ ಒಳಗೆ ಬಂದ. ನಡುವಿನ ಜಾಗ ಹಾಗೇ ಉಳಿಯಿತು.
ಹನ್ನೊಂದನೇ ನಿಯಮ ಓದಿಹೇಳಿದೆ, ಹೇಳಲೇಬೇಕು:
ಕೋಣೆಯೊಳಗೆ ಯಾರೂ ತಂಗುವಂತಿಲ್ಲ.
"ಗೊತ್ತು," ಎಂದು ಸಹಿ ಹಾಕಿದಳು.
ಬೀಗ ಒಂಬತ್ತು ಪೌಂಡು. ತನ್ನದೇ ತಂದಿದ್ದಳು,
ಪಬ್ಬಿನ ನೆಲಮಾಳಿಗೆಯದು, ಎಣ್ಣೆ ಹಚ್ಚಿದ್ದು.

ನಮ್ಮ ಪುಸ್ತಕದಲ್ಲಿ ಎಪ್ಪತ್ತೈದಂದರೆ
ಎರಡು ಕೋಣೆಯ ಮನೆಯ ಸಾಮಾನು.
ಕೇಳಿದವರಿಗೆ ಈಗಲೂ ಅದನ್ನೇ ಹೇಳುತ್ತೇನೆ.
ಟೇಪು ಹಿಡಿದು ಹಿಂದೆ ಹಿಂದೆ ನಡೆಯುವಾಗ ಮಾತ್ರ
ಮಧ್ಯದಲ್ಲೊಮ್ಮೆ ತುಸು ಪಕ್ಕಕ್ಕೆ ಸರಿಯುತ್ತೇನೆ.