ಐದು ಅಂಕದ ಪ್ರಶ್ನೆ

ಸಂಜೆ ಕಾಲೇಜು, ರಾಜಾಜಿನಗರ. ಟ್ಯೂಬ್‌ಲೈಟು ಮಿಣುಕುತ್ತಲೇ ಇದೆ.
ಹೆಚ್ಚು ಕ್ರೂರರು ಯಾರು? ರೋಮನರೋ, ಆಮೇಲಿನ ಯುರೋಪಿನವರೋ?
ಕಮಾನುಗಳ ಮೇಲೆ ನೀರನ್ನು ಊರಿಗೆ ನಡೆಸಿ ತಂದವರು
ನೆಲಮಾಳಿಗೆಯ ಸಿಂಹವನ್ನು ಹಗ್ಗ, ರಾಟೆಗಳಲ್ಲಿ
ಕೈದಿಯ ಎದುರಿಗೇ ಎತ್ತಿ ಬಿಟ್ಟರು, ಹೊತ್ತಿಗೆ ಸರಿಯಾಗಿ.
ಇವರೋ ಗಾಳಿಗಿರಣಿ, ಗಡಿಯಾರ, ಕನ್ನಡಕ ಕಂಡವರು,
ಹೆಬ್ಬೆರಳಿಗೊಂದು ತಿರುಪನ್ನೂ ಮಾಡಿಕೊಂಡರು.

ಚಿತ್ರವನ್ನು ಕೊನೇ ಬೆಂಚಿಗೆ ದಾಟಿಸಿದೆ.
ಸಿಬ್ಗತ್, ಪೀಣ್ಯದ ಲೇತ್ ಬಿಟ್ಟು ನೇರ ಬಂದವನು,
ಅಂಗಿಯಲ್ಲಿನ್ನೂ ಕೂಲಂಟಿನ ವಾಸನೆ,
ಪುಟವನ್ನು ಬೆಳಕಿಗೆ ವಾಲಿಸಿ ಬಹಳ ಹೊತ್ತು ನೋಡಿದ.
"ಥ್ರೆಡ್ ಚೆನ್ನಾಗಿ ಬಂದಿದೆ ಸಾರ್. ಕೈಯಲ್ಲೇ ಅರ ಹಾಕಿರಬೇಕು.
ಪಿಚ್ಚು ಸಣ್ಣದು, ನಿಧಾನ ಬಿಗಿಯಾಗಲಿ ಅಂತ.
ಒಳ್ಳೇ ಕೆಲಸಗಾರ."

ಯಾರೋ ನಕ್ಕರು. ನನಗೆ ಮುಂದಿನ ವಾಕ್ಯ ಸಿಗಲಿಲ್ಲ.
ಆ ಕೆಲಸಗಾರ ಸಂಜೆ ಕೈ ತೊಳೆದದ್ದು,
ಕೂಲಿ ಎಣಿಸಿ ರೊಟ್ಟಿ ಕೊಂಡದ್ದು
ಯಾವ ಪುಟದಲ್ಲೂ ಇಲ್ಲ.

"ನಮ್ಮ ಪವರ್ ಪ್ರೆಸ್ಸಿಗೂ ಗಾರ್ಡ್ ಇತ್ತು ಸಾರ್,
ಗಂಟೆಗೆ ನಲವತ್ತು ಪೀಸ್ ಕಡಿಮೆ ಆಗತ್ತೆ ಅಂತ ಬಿಚ್ಚಿಸಿದರು."
ಬಿಚ್ಚಿದ್ದು ನಾನೇ, ಅಂದ. ಹನ್ನೆರಡರ ಸ್ಪ್ಯಾನರು.

ಪಕ್ಕದಲ್ಲಿ ಮಾದೇಶ ಎಡಗೈಯಲ್ಲಿ ನೋಟ್ಸ್ ಬರೆಯುತ್ತಿದ್ದ,
ಹೋದ ವರ್ಷ ಬಲಗೈಯಲ್ಲಿ ಬರೆಯುತ್ತಿದ್ದವನು.